ಬಾಲ್ಕನಿಯಿಂದ ಪಿಪ್ ಪಿಪ್

ಟಕ್.

ಸ್ವಲ್ಪ ಬಿಟ್ಟು ಮತ್ತೆ, ಟಕ್. ಟಕ್.

ಗುಬ್ಬಿ ಹೊದಿಕೆಯಿಂದ ತಲೆ ಹೊರಗೆ ಹಾಕಿದಳು. ಮನೆಯಲ್ಲಿ ಎಲ್ಲರೂ ಮಲಗಿ ಎಷ್ಟೋ ಹೊತ್ತಾಗಿತ್ತು. ಆ ಸದ್ದು ಹಜಾರದಿಂದ ಬರುತ್ತಿತ್ತು. ಬಾಗಿಲ ಸಂದಿಯಲ್ಲಿ ಇಣುಕಿದರೆ ಅಜ್ಜಿ. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಕೈ ಗೋಡೆಯ ಮೇಲೆ. ಗೋಡೆಯನ್ನು ಉಗುರಿನಿಂದ ತಟ್ಟಿ ತಟ್ಟಿ ನೋಡುತ್ತಾ ಹೆಜ್ಜೆ ಇಡುತ್ತಿದ್ದಾರೆ.

ಹಜಾರದ ದೀಪವೇನೋ ಉರಿಯುತ್ತಲೇ ಇತ್ತು.

"ಅಜ್ಜೀ, ಲೈಟ್ ಹಾಕ್ಕೊಂಡು ಗೋಡೆ ಯಾಕೆ ಬಡೀತೀಯ? ನಿದ್ದೆ ಬರೋದು ಹೇಗೆ?"

"ಗೋಡೆ ಗಟ್ಟಿಯಾಗಿದ್ಯಾ ಅಂತ ನೋಡ್ತಿದ್ದೆ ಕಣೇ," ಎಂದರು ಅಜ್ಜಿ. "ಮಲಗು. ನೈಟಿ ನೈಟ್!"

ಗುಬ್ಬಿ ಉತ್ತರ ಕೊಡಲಿಲ್ಲ.

"ಸ್ಲೀಪ್ ಟೈಟ್!"

ಗುಬ್ಬಿ ಹೊದಿಕೆ ಎಳೆದುಕೊಂಡಳು.

"ಸ್ವೀಟ್ ಡ್ರೀಮ್ಸ್!" ಈ ಸಲ ಅಜ್ಜಿಯ ದನಿ ಜೋರಾಗಿತ್ತು.

"ನೈಟಿ ನೈಟ್, ನೈಟಿ ನೈಟ್, ನೈಟಿ ನೈಟ್! ಸಾಕಾ?" ಎಂದು ಕಿರುಚಿ ಗುಬ್ಬಿ ದಿಂಬಿನ ಕೆಳಗೆ ತಲೆ ತೂರಿಸಿದಳು. ಅಮ್ಮ ಪಕ್ಕದ ಕೋಣೆಯಿಂದ ಗೋಡೆಗೆ ಒಂದು ಗುದ್ದು ಗುದ್ದಿದಳು. ಅಮ್ಮ ನರ್ಸು. ಬೆಳಕು ಹರಿಯುವ ಮೊದಲೇ ಎದ್ದು ಡ್ಯೂಟಿಗೆ ಹೋಗಬೇಕು.

ಇದೇ ಅಜ್ಜಿಯ ಸಮಸ್ಯೆ. ಅಲ್ಲ, ಅಜ್ಜಿಗೆ ಇದೇನೂ ಸಮಸ್ಯೆ ಅಲ್ಲ. ಸಮಸ್ಯೆ ಇರುವುದು ಗುಬ್ಬಿಗೆ.

ಅಜ್ಜಿ ಒಂದು ದೊಡ್ಡ ಹೋಟೆಲಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಯಾವ ರೂಮಿನವರಿಗೆ ಯಾವ ಊರಿನ ಲೈನ್ ಬೇಕೋ ಅದನ್ನು ಜೋಡಿಸಿ ಕೊಡುತ್ತಿದ್ದರು. ಆ ಕೆಲಸಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಮಾತಾಡಿದವರು ಕೊನೆಗೆ 'ಬೈ' ಅಂದದ್ದು ಕಿವಿಗೆ ಬಿದ್ದ ಮೇಲೇ ಆಪರೇಟರ್ ಲೈನ್ ಕತ್ತರಿಸಬೇಕು. ಅದಕ್ಕೆ ಮೊದಲು ಕತ್ತರಿಸಿದರೆ ಬೈಗುಳ.

ಕೆಲಸ ಬಿಟ್ಟರೂ ಅಜ್ಜಿ ನಿಯಮ ಬಿಟ್ಟಿರಲಿಲ್ಲ. ಅವರು ಟಾಟಾ ಹೇಳಿದರೆ ಎದುರಿನವರೂ ಹೇಳಬೇಕು. ಹೇಳದಿದ್ದರೆ ಅವರು ಇನ್ನೊಂದು ಹೇಳುತ್ತಾರೆ. ಅದಕ್ಕೂ ಹೇಳದಿದ್ದರೆ ಮತ್ತೊಂದು. ಅವರ ಹತ್ತಿರ ಅಂಥವು ಮುಗಿಯುವುದೇ ಇಲ್ಲ. ಹೋಟೆಲಿಗೆ ಬರುತ್ತಿದ್ದ ಒಬ್ಬ ಹಡಗಿನ ಮುದುಕ 'ಪಿಪ್ ಪಿಪ್' ಅನ್ನುತ್ತಿದ್ದನಂತೆ. ಪಿಯಾನೋ ಟೀಚರ್ ಒಬ್ಬಳು 'ಟೂಡಲೂ' ಅನ್ನುತ್ತಿದ್ದಳಂತೆ. 'ಚೀರಿಯೋ', 'ಸೋ ಲಾಂಗ್', 'ಟಾ ರಾ'... ಈಗ ಯಾರೂ ಆಡದ ಹಳೇ ಇಂಗ್ಲಿಷ್ ಟಾಟಾಗಳೆಲ್ಲ ಅಜ್ಜಿಯ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿರುತ್ತವೆ.

"ಬರೀ ಬೈ ಅನ್ನು ಅಜ್ಜಿ, ಸಾಕು," ಎಂದು ಗುಬ್ಬಿ ಎಷ್ಟು ಸಲ ಬೇಡಿಕೊಂಡಿದ್ದಳೋ.

"ಬೈ ಅನ್ನೋದು ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಿದ ಹಾಗೆ. ಬಾಯಿ ತೆರೆಯೋದರೊಳಗೆ ಮುಗಿದೇ ಹೋಗುತ್ತೆ."

"ಈಗ ಎಲ್ಲರೂ ಹಾಗೇ ಅನ್ನೋದು. ಇಲ್ಲಾಂದ್ರೆ 'ಪೀಸ್ ಔಟ್' ಅಂತಾರೆ."

"ಅದೇನದು ಪೀಸು? ಟೈಲರ್ ಅಂಗಡೀಲಿ ಉಳಿಯುತ್ತಲ್ಲ, ಅದಾ?"

ಅಜ್ಜಿಯ ಹತ್ತಿರ ವಾದ ಮಾಡುವುದೂ ಒಂದೇ, ನೀರಿನಲ್ಲಿ ಗೆರೆ ಎಳೆಯುವುದೂ ಒಂದೇ.

ಬೆಳಿಗ್ಗೆ ಸ್ಕೂಲ್ ವ್ಯಾನ್ ಬಂದಾಗಲಂತೂ ದೊಡ್ಡ ಸಂಕಟ. ಅವರ ಮನೆ ಮಹಡಿಯ ಮೇಲೆ, ಕೆಳಗೆ ಒಂದು ಅಂಗಡಿ. ಗುಬ್ಬಿ ಮೆಟ್ಟಿಲಿಳಿದು ವ್ಯಾನ್ ಹತ್ತುವಷ್ಟರಲ್ಲಿ ಅಜ್ಜಿ ಬಾಲ್ಕನಿಗೆ ಬಂದಿರುತ್ತಾರೆ. "ಚೀರಿಯೋ!" ಗುಬ್ಬಿ ಮೆಲ್ಲಗೆ "ಬೈ" ಅಂದರೆ ಬೀದಿಯ ಗದ್ದಲದಲ್ಲಿ ಅದು ಮೇಲಕ್ಕೆ ಕೇಳುವುದಿಲ್ಲ. "ಟೂಡಲೂ!" ಸೀಟಿನಲ್ಲಿ ಕುಳಿತವರೆಲ್ಲ ಕಿಟಕಿಗೆ ಅಂಟಿಕೊಳ್ಳುತ್ತಾರೆ. "ಪಿಪ್ ಪಿಪ್!" ವ್ಯಾನಿಡೀ ಗೊಳ್ಳೆಂದು ನಗುತ್ತದೆ. ಉತ್ತರ ಕೊಟ್ಟರೆ ನಗು, ಕೊಡದಿದ್ದರೆ ಇನ್ನಷ್ಟು ಟಾಟಾ. ಅತ್ತ ದರಿ, ಇತ್ತ ಪುಲಿ.

ವ್ಯಾನಿನ ಹಿಂದಿನ ಸೀಟಿನಲ್ಲಿ ಕ್ಯಾಪ್ಟನ್ ಕೂರುತ್ತಾನೆ. ಅವನು ಆರನೇ ಕ್ಲಾಸು, ಫುಟ್‌ಬಾಲ್ ಟೀಮಿನ ಕ್ಯಾಪ್ಟನ್. ಗುಬ್ಬಿಗೆ 'ಪಿಪ್ ಪಿಪ್' ಎಂದು ಹೆಸರಿಟ್ಟವನು ಅವನೇ.

"ಪಿಪ್ ಪಿಪ್ ಬಂದ್ಲು, ದಾರಿ ಬಿಡ್ರೋ!"

"ಪಿಪ್ ಪಿಪ್, ನಿನ್ನ ರಬ್ಬರ್ ಕೊಡೇ."

ಮೊನ್ನೆ ಅದು ವ್ಯಾನಿನಿಂದ ಇಳಿದು ಕ್ಲಾಸಿಗೂ ಬಂದಿತ್ತು. ಅಟೆಂಡೆನ್ಸ್ ಕರೆಯುವಾಗ ಗುಬ್ಬಿ "ಪ್ರೆಸೆಂಟ್ ಮಿಸ್" ಎಂದದ್ದೇ ತಡ, ಹಿಂದಿನ ಬೆಂಚಿನಿಂದ ಯಾರೋ "ಪಿಪ್ ಪಿಪ್" ಎಂದರು. ಮಿಸ್ ಕೂಡ ತುಟಿ ಕಚ್ಚಿಕೊಂಡು ನಗು ತಡೆದರು. ಆವತ್ತೇ ಗುಬ್ಬಿ ತೀರ್ಮಾನ ಮಾಡಿದ್ದಳು. ಇದು ಇಲ್ಲಿಗೇ ನಿಲ್ಲಬೇಕು. ಇಲ್ಲದಿದ್ದರೆ ಹತ್ತನೇ ಕ್ಲಾಸು ಮುಗಿಯುವವರೆಗೂ ಅವಳು ಪಿಪ್ ಪಿಪ್ಪೇ.

ಅದಕ್ಕೇ ಅವಳಿಗೆ ಈ ರಾತ್ರಿ ನಿದ್ದೆ ಬಂದಿರಲಿಲ್ಲ. ನಾಳೆಗೆ ಅವಳ ಪ್ಲಾನ್ ರೆಡಿ ಇತ್ತು.

ಸಂಜೆ ಮನೆಯ ಮುಂದೆ ಇಳಿಯುವಾಗಲೇ ಅವಳು ಡ್ರೈವರ್ ಅಂಕಲ್‌ಗೆ ಹೇಳಿ ಆಗಿತ್ತು. "ಅಂಕಲ್, ನಾಳೆ ನಾನು ಮೂಲೆ ಹತ್ರ ಹತ್ತುತ್ತೀನಿ. ಮನೆ ಮುಂದೆ ನಿಲ್ಲಿಸ್ಬೇಡಿ."

"ಅಜ್ಜಿಗೆ ಹೇಳಿದ್ಯೇನಮ್ಮಾ?"

"ಹೂಂ," ಎಂದಿದ್ದಳು ಗುಬ್ಬಿ, ಶೂ ನೋಡಿಕೊಳ್ಳುತ್ತಾ.

*

ಬೆಳಿಗ್ಗೆ ಅಜ್ಜಿ ಅಡುಗೆಮನೆಯಲ್ಲಿದ್ದಾಗ ಗುಬ್ಬಿ ಬ್ಯಾಗ್ ಹೆಗಲಿಗೇರಿಸಿದಳು.

"ಅಜ್ಜೀ, ವ್ಯಾನ್ ಬಂತು!"

"ಹಾರ್ನೇ ಕೇಳಿಸಲಿಲ್ವಲ್ಲೇ? ತಾಳು, ಕೈ ಒರೆಸ್ಕೊಂಡು ಬರ್ತೀನಿ."

ಗುಬ್ಬಿ ತಾಳಲಿಲ್ಲ. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ, ಗೋಡೆಗೆ ಒತ್ತಿಕೊಂಡು ಓಡಿ, ಬೀದಿಯ ಮೂಲೆ ಸೇರಿದಳು. ಅಲ್ಲಿ ಯಾರದೋ ಹಳೇ ಕಾರು ನಿಂತಿತ್ತು. ಅದರ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಮನೆಯತ್ತ ನೋಡಿದಳು.

ಅಜ್ಜಿ ಬಾಲ್ಕನಿಗೆ ಬಂದರು. ಬೀದಿಯಲ್ಲಿ ಸ್ಕೂಲ್ ವ್ಯಾನ್ ಇಲ್ಲ. ಇನ್ನು ಅಜ್ಜಿ ಗೊಣಗುತ್ತಾ ಒಳಗೆ ಹೋಗುತ್ತಾರೆ, ಅಷ್ಟೆ. ಗುಬ್ಬಿಗೆ ನಗು ಬಂತು.

ಆದರೆ ಅಜ್ಜಿ ಒಳಗೆ ಹೋಗಲಿಲ್ಲ. ಕೆಳಗೆ ನೋಡಿ ಕೈ ಬೀಸಿದರು.

"ಚೀರಿಯೋ, ಗುಬ್ಬೀ!"

ಗುಬ್ಬಿ ಸುತ್ತ ನೋಡಿದಳು. ಅಜ್ಜಿ ಯಾರಿಗೆ ಹೇಳುತ್ತಿದ್ದಾರೆ?

ಅಂಗಡಿಯ ಮುಂದೆ ಒಂದು ವ್ಯಾನ್ ನಿಂತಿತ್ತು. ಅಂಗಡಿಗೆ ಬ್ರೆಡ್ ತಂದು ಹಾಕುವ ವ್ಯಾನ್. ಸ್ಕೂಲ್ ವ್ಯಾನಿನ ಹಾಗೆ ಅದೂ ಹಳದಿ, ನಿಜ. ಆದರೆ ಅದಕ್ಕೆ ಪಕ್ಕದ ಕಿಟಕಿಗಳೇ ಇಲ್ಲ. ಕಿಟಕಿಗಳಿರಬೇಕಾದ ಜಾಗದಲ್ಲಿ ಮಂಚದಷ್ಟು ದೊಡ್ಡ ಬ್ರೆಡ್ಡಿನ ಚಿತ್ರವಿದೆ.

"ಸೋ ಲಾಂಗ್!" ಎಂದರು ಅಜ್ಜಿ ಬ್ರೆಡ್ಡಿಗೆ.

ಬ್ರೆಡ್ಡು ಉತ್ತರ ಕೊಡಲಿಲ್ಲ.

"ಅಯ್ಯೋ, ಕಣ್ಣು ಕಾಣಲ್ವಾ ಈ ಅಜ್ಜಿಗೆ!" ಎಂದು ಗುಬ್ಬಿ ಹಣೆ ಚಚ್ಚಿಕೊಂಡಳು.

ಚಚ್ಚಿಕೊಂಡ ಕೈ ಹಣೆಯ ಮೇಲೇ ಉಳಿಯಿತು.

ನಿನ್ನೆ ರಾತ್ರಿಯ ಟಕ್ ಟಕ್. 'ನಿನ್ನ ಬೆರಳು ಸಣ್ಣ, ನೀನೇ ಪೋಣಿಸು' ಎಂದು ಅಜ್ಜಿ ಪ್ರತಿ ಸಲ ಕೊಡುವ ಸೂಜಿ. 'ಇವತ್ತು ಯಾವ ಬಣ್ಣದ ರಿಬ್ಬನ್ನೇ?' ಎಂದು ಅವಳ ಜಡೆಯ ಮುಂದೆಯೇ ನಿಂತು ಕೇಳುವುದು. ಪೇಪರ್ ಓದುವುದು ಬಿಟ್ಟು ರೇಡಿಯೋ ಹಿಡಿದದ್ದು.

"ಟೂಡಲೂ!" ಅಜ್ಜಿ ಕಂಬಿಯ ಮೇಲೆ ಬಾಗಿದರು. ಉತ್ತರ ಬರಲಿಲ್ಲವಲ್ಲ, ಅದಕ್ಕೆ. ಇನ್ನಷ್ಟು ಬಾಗಿ, ಕಿವಿಯ ಹಿಂದೆ ಕೈ ಇಟ್ಟುಕೊಂಡರು. "ಗುಬ್ಬೀ? ಹತ್ತಿದ್ಯೇನೇ? ಟಾ ರಾ!"

ಈಗ ಅಜ್ಜಿಯ ಅರ್ಧ ಮೈ ಕಂಬಿಯ ಆಚೆಗಿತ್ತು. ಅವರ ಹಿಮ್ಮಡಿ ಮೇಲೆದ್ದದ್ದು ಗುಬ್ಬಿಗೆ ಮೂಲೆಯಿಂದಲೇ ಕಾಣುತ್ತಿತ್ತು. ಕೂಗಬೇಕು ಎಂದುಕೊಂಡಳು. ಇಷ್ಟು ದೂರದಿಂದ ಬೀದಿಯ ಗದ್ದಲದಲ್ಲಿ ಕೇಳುವುದಿಲ್ಲ. ಎದ್ದು ಓಡತೊಡಗಿದಳು.

"ಪಿಪ್ ಪಿಪ್!" ಎಂದು ಅಜ್ಜಿ ಇನ್ನೂ ಬಾಗಿ ಕೂಗಿದರು.

ಬ್ರೆಡ್ ವ್ಯಾನಿನಿಂದ ಉತ್ತರ ಬಂತು.

ಪೀಪ್ ಪೀಪ್!

ಸ್ಟಿಯರಿಂಗ್ ಮುಂದೆ ಕೂತಿದ್ದವನು ತಲೆ ಹೊರಗೆ ಹಾಕಿ, ಮೇಲೆ ನೋಡುತ್ತಾ ಕೈಯನ್ನೂ ಬೀಸಿದ. ಅಜ್ಜಿ ಒಂದು ಕ್ಷಣ ಹಾಗೇ ನಿಂತರು. ಆಮೇಲೆ ಅವರ ಮುಖ ಅರಳಿತು. ನೆಟ್ಟಗಾದರು, ಸೆರಗಿಗೆ ಕೈ ಒರೆಸಿಕೊಂಡರು, ತೃಪ್ತಿಯಿಂದ ಒಳಗೆ ಹೋದರು.

ಗುಬ್ಬಿ ಬೀದಿಯ ನಡುವೆ ನಿಂತುಬಿಟ್ಟಳು. ಬ್ರೆಡ್ ವ್ಯಾನ್ ಅವಳ ಪಕ್ಕಕ್ಕೆ ಬಂದು ನಿಧಾನವಾಯಿತು.

"ಆ ಅಜ್ಜಿ ನಿಮ್ಮೋರೇನಮ್ಮಾ?" ಎಂದು ಕೇಳಿದ ಬ್ರೆಡ್ ಅಣ್ಣ. "ಯಾರನ್ನ ಕೂಗ್ತಿದ್ರೋ ಗೊತ್ತಾಗ್ಲಿಲ್ಲ. ಎಲ್ಲಿ ಬಿದ್ದುಬಿಡ್ತಾರೋ ಅಂತ ನನ್ನ ಜೀವ ಬಾಯಿಗೆ ಬಂತು. ಪಿಪ್ ಪಿಪ್ ಅಂದ್ರಲ್ಲ, ಹಾರ್ನ್ ಕೇಳ್ತಿದ್ದಾರೇನೋ ಅಂದ್ಕೊಂಡು ಹೊಡೆದೆ. ಸರಿ ಹೋಯ್ತಾ?"

"ಹೂಂ," ಎಂದಳು ಗುಬ್ಬಿ. ಅಷ್ಟರಲ್ಲಿ ಮೂಲೆಗೆ ಸ್ಕೂಲ್ ವ್ಯಾನ್ ಬಂದು ನಿಂತಿತು, ಅವಳು ಅತ್ತ ಓಡಿದಳು.

*

ಸಂಜೆ ಗುಬ್ಬಿ ಮೆಟ್ಟಿಲು ಹತ್ತಿ ಬಂದಾಗ ಅಜ್ಜಿ ಊಟದ ಮೇಜಿನ ಮುಂದೆ ಕುಳಿತು ಬಟಾಣಿ ಬಿಡಿಸುತ್ತಿದ್ದರು.

"ಬಂದ್ಯಾ, ನನ್ನ ಬಂಗಾರ! ಬೆಳಿಗ್ಗೆ ಎಷ್ಟು ಚೆಂದ ಉತ್ತರ ಕೊಟ್ಟೆಯೇ! ಡ್ರೈವರ್ ಹತ್ರ ಹಾರ್ನ್ ಹೊಡೆಸೋ ಐಡಿಯಾ ನಿಂದೇ ತಾನೆ?"

ಗುಬ್ಬಿ ಬಾಯಿ ತೆರೆದಳು.

"ಪಿಪ್ ಪಿಪ್ಪಿಗೆ ಪೀಪ್ ಪೀಪ್! ಅಷ್ಟು ವರ್ಷ ಟೆಲಿಫೋನ್ ಬೋರ್ಡಿನ ಮುಂದೆ ಕೂತಿದ್ದೀನಿ. ಇಷ್ಟು ಸರಿಯಾದ ಉತ್ತರ ಯಾರೂ ಕೊಟ್ಟಿಲ್ಲ ಕಣೇ. ಬೆಳಿಗ್ಗೆಯಿಂದ ನೆನೆಸ್ಕೊಂಡು ನೆನೆಸ್ಕೊಂಡು ನಗ್ತಾ ಇದ್ದೀನಿ."

ಗುಬ್ಬಿ ಬಾಯಿ ಮುಚ್ಚಿದಳು.

ಅವಳು ಮೇಜಿನ ಮೇಲೆ ನೋಡಿದಳು. ಎರಡು ಬಟ್ಟಲು. ಕಾಳಿನ ಬಟ್ಟಲಿನಲ್ಲಿ ಸಿಪ್ಪೆಗಳೂ ಇದ್ದವು. ಸಿಪ್ಪೆಯ ಬಟ್ಟಲಿನಲ್ಲಿ ಕಾಳುಗಳೂ ಇದ್ದವು. ಅವಳು ಕುರ್ಚಿ ಎಳೆದುಕೊಂಡು ಕುಳಿತು, ಒಂದೊಂದನ್ನೇ ಆರಿಸಿ ಆಚೆಯಿಂದ ಈಚೆಗೆ ಹಾಕತೊಡಗಿದಳು. ಅಜ್ಜಿಯ ಕೈ ನಿಂತಿತು.

"ಏನೇ ಮಾಡ್ತಿದ್ದೀಯ?"

"ಕಾಳು ಆರಿಸ್ತಿದ್ದೀನಿ ಅಜ್ಜಿ. ತುಂಬಾ ಕಾಳು ಸಿಪ್ಪೆಗೆ ಹೋಗಿದೆ."

ಅಜ್ಜಿ ಸಿಪ್ಪೆಯ ಬಟ್ಟಲಿಗೆ ಬೆರಳು ಹಾಕಿ ತಡವಿ ನೋಡಿದರು.

"ಸ್ವಲ್ಪ ಮಂಜು ಮುಸುಕಿದ ಹಾಗಿದೆ, ಅಷ್ಟೆ," ಎಂದರು ಕೊನೆಗೆ. "ನಾನೇನು ಕಣ್ಣಿಂದ ಕೆಲಸ ಮಾಡಿದವಳಾ? ಜೀವನವಿಡೀ ಮುಖ ನೋಡದೇ ಜನರ ಜೊತೆ ಮಾತಾಡಿದ್ದೀನಿ. ದನಿ ಕೇಳಿದರೆ ಸಾಕು, ಯಾರು, ಎಲ್ಲಿದ್ದಾರೆ, ಹೇಗಿದ್ದಾರೆ ಅಂತ ಹೇಳ್ತೀನಿ. ನೀನು ಟಾಟಾ ಅಂದ ತಕ್ಷಣ ವ್ಯಾನ್ ಹತ್ತಿದ್ಯಾ, ಇನ್ನೂ ಬೀದೀಲಿ ನಿಂತಿದ್ಯಾ ಅಂತ ಗೊತ್ತಾಗುತ್ತೆ ನಂಗೆ."

ಗುಬ್ಬಿಯ ಬೆರಳಿನಿಂದ ಒಂದು ಬಟಾಣಿ ಜಾರಿ ಉರುಳಿಕೊಂಡು ಹೋಯಿತು. ಅಜ್ಜಿ ಟಾಟಾ ಹೇಳಿ ಹೇಳಿ ಅವಳನ್ನು ಹುಡುಕುತ್ತಿದ್ದರೇ? ದಿನಾ?

"ಅಮ್ಮನಿಗೆ ಹೇಳೋಣ ಅಜ್ಜಿ."

"ಬಾಯಿ ಮುಚ್ಚು! ಅವಳನ್ನ ವಾರ್ಡಿನ ಹೆಡ್ ಮಾಡೋ ಮಾತು ನಡೀತಿದೆ. ಇದು ಕೇಳಿದ್ರೆ ಡ್ಯೂಟಿ ಬಿಟ್ಟು ಮನೇಲಿ ಕೂರ್ತಾಳೆ. ನಿಮ್ಮಪ್ಪ ಲಾರಿ ತಗೊಂಡು ಹೋದ್ರೆ ಯಾವಾಗ ಬರ್ತಾನೋ ಅವನಿಗೇ ಗೊತ್ತಿಲ್ಲ. ನೀನು ಹೇಳಬೇಡ. ನನ್ನ ಮೇಲೆ ಆಣೆ."

ಗುಬ್ಬಿ ಆಣೆ ಹಾಕಲಿಲ್ಲ. ಬಗ್ಗಿ ಬಟಾಣಿ ಹುಡುಕುತ್ತಾ ಮೇಜಿನ ಕೆಳಗೇ ಉಳಿದಳು. ಅಲ್ಲಿಂದ ಅಜ್ಜಿಯ ಪಾದಗಳು ಕಾಣುತ್ತಿದ್ದವು. ಬೆಳಿಗ್ಗೆ ಮೇಲೆದ್ದಿದ್ದ ಆ ಹಿಮ್ಮಡಿಗಳು.

ಅಮ್ಮ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ ಗುಬ್ಬಿ ಹೇಳಿಬಿಟ್ಟಳು. ಸೂಜಿಯ ವಿಷಯ, ರಿಬ್ಬನ್ನಿನ ವಿಷಯ, ಗೋಡೆ ತಟ್ಟುವ ವಿಷಯ. ಅಜ್ಜಿ ಬಾಲ್ಕನಿಯ ಕಂಬಿಯಿಂದ ತುಂಬಾ ಬಾಗುತ್ತಾರೆ ಅನ್ನುವುದನ್ನೂ ಹೇಳಿದಳು.

ಅಮ್ಮ ಬ್ಯಾಗನ್ನೂ ಇಳಿಸದೆ ಅಜ್ಜಿಯನ್ನು ಕಿಟಕಿಯ ಹತ್ತಿರ ಕೂರಿಸಿ, ಟಾರ್ಚ್ ಬಿಟ್ಟು ಎರಡೂ ಕಣ್ಣು ನೋಡಿದಳು.

"ಪೊರೆ! ಎರಡು ಕಣ್ಣಿಗೂ! ಅಮ್ಮಾ, ದಿನಾ ಊರವರ ಕಣ್ಣಿಗೆಲ್ಲ ಡ್ರಾಪ್ಸ್ ಹಾಕಿ ಬರ್ತೀನಿ ನಾನು. ನನ್ನ ಮನೇಲೇ ಇದಾ? ಹೇಳೋಕೇನಾಗಿತ್ತು ನಿಂಗೆ?"

"ನೀನು ಕೆಲಸ ಬಿಟ್ಟು..."

"ಯಾರು ಕೆಲಸ ಬಿಡೋರು? ಬೆಳಿಗ್ಗೆ ಆಪರೇಷನ್, ಸಂಜೆ ಮನೆ! ಇಷ್ಟಕ್ಕೆ ಇಷ್ಟು ದಿನ ಗೋಡೆ ತಟ್ಟಿಕೊಂಡು ಓಡಾಡ್ತಿದ್ಯಾ? ದೇವರೇ, ಈ ಮುದುಕಿ ನನ್ನ ತಲೆ ಕೆಡಿಸ್ತಾಳೆ!"

ಬೈಯುತ್ತಾ ಬೈಯುತ್ತಾ ಅಮ್ಮ ಅಜ್ಜಿಯ ಕೆನ್ನೆ ಒರೆಸುತ್ತಿದ್ದಳು. ಬುಧವಾರ ಆಸ್ಪತ್ರೆಗೆ ಹೋಗಿ ಮೊದಲು ಒಂದು ಕಣ್ಣಿನ ಆಪರೇಷನ್ ಮಾಡಿಸುವುದೆಂದು ಆಯಿತು.

ಅಜ್ಜಿ ಗುಬ್ಬಿಯ ಕಡೆ ತಿರುಗಿ ಒಂದೇ ಮಾತು ಹೇಳಿದರು. "ಚಾಡಿಕೋರಿ."

ಆ ರಾತ್ರಿ ನೈಟಿ ನೈಟ್ ಬರಲಿಲ್ಲ. ಸ್ಲೀಪ್ ಟೈಟ್ ಕೂಡ ಇಲ್ಲ. ಗುಬ್ಬಿ ಬಾಗಿಲು ತೆರೆದಿಟ್ಟುಕೊಂಡು ಬಹಳ ಹೊತ್ತು ಕಾದಳು.

*

ಬೆಳಿಗ್ಗೆ ಗುಬ್ಬಿ ಮನೆಯ ಮುಂದೆಯೇ ನಿಂತಿದ್ದಳು. ವ್ಯಾನ್ ಬಂದು ನಿಂತಿತು.

ಅಜ್ಜಿ ಬಾಲ್ಕನಿಯಲ್ಲಿದ್ದರು. ಅಮ್ಮ ಮುಂಜಾನೆ ಹೊರಡುವ ಮೊದಲು ಕಂಬಿಯ ಮುಂದೆ ಭಾರದ ಸ್ಟೂಲೊಂದನ್ನು ಅಡ್ಡ ಇಟ್ಟು, ದಾಟಿದರೆ ನೋಡು ಎಂದು ಎಚ್ಚರಿಸಿ ಹೋಗಿದ್ದಳು. ಅಜ್ಜಿ ಸ್ಟೂಲಿನ ಹಿಂದೆ ಕೈ ಕಟ್ಟಿಕೊಂಡು, ಮುಖ ಊದಿಸಿಕೊಂಡು ನಿಂತಿದ್ದರು. ಮಾತಿಲ್ಲ.

ವ್ಯಾನಿನ ಕಿಟಕಿಗಳಲ್ಲಿ ಆಗಲೇ ತಲೆಗಳು ತುಂಬಿದ್ದವು. "ಇವತ್ತು ಪಿಪ್ ಪಿಪ್ ಇಲ್ವಾ?" ಎಂದ ಕ್ಯಾಪ್ಟನ್. "ನಿಮ್ಮಜ್ಜಿ ಬ್ಯಾಟರಿ ಮುಗೀತಾ?"

ಗುಬ್ಬಿ ಹತ್ತಿ ಸೀಟಿನಲ್ಲಿ ಕುಳಿತಳು. ಇದೇ ತಾನೇ ಅವಳಿಗೆ ಬೇಕಾಗಿದ್ದದ್ದು? ಬೀದಿ ಹೀಗೇ ಸದ್ದಿಲ್ಲದೆ ಇರಬೇಕೆಂದೇ ಅಲ್ಲವೇ? ಮೇಲೆ ಅಜ್ಜಿ ಕತ್ತು ಒಂದಿಷ್ಟು ಓರೆ ಮಾಡಿ, ಕಿವಿಯನ್ನು ಬೀದಿಯತ್ತ ತಿರುಗಿಸಿದ್ದರು. ಕೋಪ ಬಾಯಿಗೆ ಮಾತ್ರ. ಕಿವಿ ಕಾಯುತ್ತಲೇ ಇತ್ತು.

ಡ್ರೈವರ್ ಅಂಕಲ್ ಗೇರ್ ಹಾಕಿದರು.

ಗುಬ್ಬಿ ಕಿಟಕಿಯ ಗಾಜು ಪೂರ್ತಿ ಸರಿಸಿದಳು.

"ಚೀರಿಯೋ, ಅಜ್ಜೀ!"

ವ್ಯಾನ್ ನಿಶ್ಶಬ್ದವಾಯಿತು. ಬಾಲ್ಕನಿಯೂ ನಿಶ್ಶಬ್ದ.

"ಸೋ ಲಾಂಗ್!" ಎಂದಳು ಇನ್ನೂ ಜೋರಾಗಿ. ಕಿವಿ ಬಿಸಿಯಾಗಿ ಕೆಂಪಾದದ್ದು ಅವಳಿಗೇ ಗೊತ್ತಾಯಿತು. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಟೂಡಲೂ!"

"ಹೊರಡ್ಲೇನಮ್ಮಾ?" ಎಂದು ಕೇಳಿದರು ಡ್ರೈವರ್ ಅಂಕಲ್.

"ತಾಳಿ ಅಂಕಲ್, ಇನ್ನೂ ಲೈನ್ ಕತ್ತರಿಸಿಲ್ಲ! ಟಾ ರಾ, ಅಜ್ಜೀ!"

"ಏಯ್, ಇವಳಿಗೇನಾಯ್ತೋ," ಎಂದ ಕ್ಯಾಪ್ಟನ್. ಒಂದನೇ ಕ್ಲಾಸಿನ ಪುಟಾಣಿಯೊಂದು ಇದು ಆಟವೆಂದುಕೊಂಡು ತಾನೂ ಕಿಟಕಿಗೆ ಬಾಯಿಟ್ಟು "ಟಾ ಲಾ!" ಎಂದಿತು.

ಗುಬ್ಬಿ ಉಸಿರು ತುಂಬಿಕೊಂಡಳು. ಉಳಿದಿದ್ದದ್ದು ಅದೊಂದೇ.

"ಪಿಪ್ ಪಿಪ್!"

ಮೇಲೆ ಕಟ್ಟಿದ್ದ ಕೈಗಳು ಬಿಚ್ಚಿದವು.

"ಮೈಂಡ್ ಹೌ ಯೂ ಗೋ, ಚಾಡಿಕೋರಿ!" ಎಂದು ಬಾಲ್ಕನಿ ಗುಡುಗಿತು.

ಗುಬ್ಬಿ ಸೀಟಿಗೆ ಒರಗಿದಳು. ವ್ಯಾನ್ ಹೊರಟಿತು.

"ಅದೇನೋ ಹೊಸದು ಅಂದ್ರಲ್ಲ, ಏನದು?" ಎಂದು ಕ್ಯಾಪ್ಟನ್ ಮುಂದಕ್ಕೆ ಬಾಗಿದ.

"ನೋಡ್ಕೊಂಡು ಹೋಗು ಅಂತ."

"ಇನ್ನೂ ಎಷ್ಟಿದೆ ಅಂಥದ್ದು?"

"ಬೇಜಾನಿದೆ. ನೀನು ಸುಮ್ಮನಿದ್ರೆ ಹೇಳ್ಕೊಡ್ತೀನಿ, ಪಿಪ್ ಪಿಪ್ ಕ್ಯಾಪ್ಟನ್."

ಯಾರೋ ನಕ್ಕರು. ಈ ಸಲ ನಗು ಎರಡೂ ಕಡೆಗೆ ಹಂಚಿಹೋಯಿತು.

ಬೀದಿಯ ಮೂಲೆಯಲ್ಲಿ ಎದುರಿನಿಂದ ಇನ್ನೊಂದು ಹಳದಿ ವ್ಯಾನ್ ಬಂತು. ಪಕ್ಕದಲ್ಲಿ ಮಂಚದಷ್ಟು ದೊಡ್ಡ ಬ್ರೆಡ್ಡು. ಓಡಿಸುತ್ತಿದ್ದವನು ಗುಬ್ಬಿಯನ್ನು ಕಂಡು ಹಲ್ಲು ಬಿಟ್ಟ. ಪೀಪ್ ಪೀಪ್!

"ಅವನ್ಯಾರೇ? ನಿಂಗ್ಯಾಕೆ ಹಾರ್ನ್ ಹೊಡೆದ?" ಎಂದು ಕೇಳಿದ ಕ್ಯಾಪ್ಟನ್.

ಗುಬ್ಬಿಗೆ ಅಜ್ಜಿಯ ಮಾತು ನೆನಪಾಯಿತು. ಇಷ್ಟು ಸರಿಯಾದ ಉತ್ತರ ಯಾರೂ ಕೊಟ್ಟಿಲ್ಲ ಕಣೇ. ಬುಧವಾರ ಕಳೆದರೆ ಅಜ್ಜಿಗೆ ಬ್ರೆಡ್ಡು ಬ್ರೆಡ್ಡಾಗಿಯೇ ಕಾಣುತ್ತದೆ, ಸ್ಕೂಲ್ ವ್ಯಾನ್ ಸ್ಕೂಲ್ ವ್ಯಾನಾಗಿಯೇ ಕಾಣುತ್ತದೆ. ಆದರೆ ನಿನ್ನೆಯ ಆ ಹಾರ್ನ್ ಮೊಮ್ಮಗಳದ್ದಾಗಿಯೇ ಉಳಿಯಲಿ. ಕ್ಯಾಪ್ಟನ್‌ಗೆ ಬೇಡ, ಅಮ್ಮನಿಗೂ ಬೇಡ. ಅಜ್ಜಿಗಂತೂ ಬೇಡವೇ ಬೇಡ.

"ಯಾರೋ, ಏನೋ," ಎಂದಳು ಗುಬ್ಬಿ, ಕಿಟಕಿಯಾಚೆ ಕೈ ಹಾಕಿ, ದೂರವಾಗುತ್ತಿದ್ದ ಬ್ರೆಡ್ಡಿಗೆ ಮೆಲ್ಲಗೆ ಟಾಟಾ ಮಾಡುತ್ತಾ.